ಯಾರು ನೀ, ಯಾಕ ಬಂದಿ, ಏನ್ ಬೇಕು?

ಹುಲಿಯ ತಲೆ, ಮೈಮೇಲೆ ಸಾಹುಕಾರರ ನಿಲುವಂಗಿ, ಹೊಗೆಯಾಡುವ ಪೈಪು. ಎದುರಿನವರ ಕಿಸೆಯಲ್ಲಿ ಎಷ್ಟಿದೆ ಎಂದು ಅಳೆಯುವಂಥ ನೋಟ. 1977ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಆಟದ ಪುಸ್ತಕದಲ್ಲಿ ಈ ಚಿತ್ರವಿದೆ. ಹೆಸರು ರಾಕ್ಷಸ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾಯುತ್ತಾನೆ ಎಂದು ಬರೆದಿದ್ದಾರೆ. ರಾವಣನಿಗೂ ಬಕಾಸುರನಿಗೂ ಇವನು ಯಾವ ಕಡೆಯಿಂದ ನೆಂಟನೋ ತಿಳಿಯದು.

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಇದೇ ಪುಸ್ತಕದ ಹೊಸ ಆವೃತ್ತಿಯೊಂದನ್ನು ಹಿಡಿದುಕೊಂಡು ಕಲಬುರಗಿಗೆ ಬಂದಿದ್ದ. ಹೊರಗೆ ಹೆಜ್ಜೆ ಇಡಲಾಗದ ಬಿಸಿಲು. ಪಡಸಾಲೆಯಲ್ಲಿ ಕೂಲರ್ ಮುಂದೆ ಓಣಿಯ ಹುಡುಗರನ್ನು ಕೂಡಿಸಿ ಆಟ ಹೂಡಿದ. ದಾಳ ಉರುಳುತ್ತಿತ್ತು, ಹುಲಿದಲೆಯವನ ಜೀವ ಹತ್ತು ಹನ್ನೆರಡರಂತೆ ಇಳಿಯುತ್ತಿತ್ತು. ಕಮಲಾಪುರದಿಂದ ಬಂದಿದ್ದ ನಮ್ಮ ಆಯಿ ಅಡಕೆ ಕತ್ತರಿಸುತ್ತ ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದಳು: “ಹೊಡಿಯೋದು ಇರಲಿ, ಅವಂಗ ಏನ್ ಬೇಕಾಗ್ಯಾದಂತ ಯಾರರೇ ಕೇಳೀರೇನು?”

ಹುಡುಗರು ನಕ್ಕರು. ನಾನೂ ನಕ್ಕೆ. ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಪಾತ್ರಧಾರಿ ಆಟಗಳ ಮೂಲಪುರುಷ. ಒಬ್ಬ ಕಥೆ ನಡೆಸುತ್ತಾನೆ, ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿದು ಮಾತಿನಲ್ಲೇ ಆಡುತ್ತಾರೆ. ನಮ್ಮ ಬಯಲಾಟದ ತಮ್ಮ ಅನ್ನಿ. ವೇಷವಿಲ್ಲ, ಕಂಠಪಾಠವಿಲ್ಲ, ಮುಂದೇನು ಎಂಬುದು ನಡೆಸುವವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಆಗುತ್ತದೋ ಇಲ್ಲವೋ ಎಂಬ ಕೆಲಸಕ್ಕೆಲ್ಲ ಇಪ್ಪತ್ತು ಮುಖದ ದಾಳ ತೀರ್ಪು ಹೇಳುತ್ತದೆ. ಪ್ರತಿ ಜೀವಿಗೂ ಇಷ್ಟು ‘ಹಿಟ್ ಪಾಯಿಂಟ್’ ಎಂದು ಲೆಕ್ಕವಿದೆ, ಸೊನ್ನೆಗೆ ಇಳಿದರೆ ಕಥೆ ಮುಗಿಯಿತು. 2014ರ ಆವೃತ್ತಿಯಲ್ಲಿ ರಾಕ್ಷಸನಿಗೆ ಇರುವುದು 110. ಅಂಗೈಗಳು ಹಿಂದುಮುಂದಾಗಿ ತಿರುಗಿರುತ್ತವೆ. ನಮ್ಮಲ್ಲಿ ದೆವ್ವಕ್ಕೆ ಪಾದ ಹಿಂದುಮುಂದು ಅನ್ನುತ್ತಾರೆ; ಸಮುದ್ರ ದಾಟುವಾಗ ಕಾಲಿನ ಲಕ್ಷಣ ಕೈಗೆ ಬಂತೇನೋ.

ಮಂತ್ರಿಸಿದ ಬಾಣ ಮಾತ್ರ ಯಾವ ಪುರಾಣದ್ದೂ ಅಲ್ಲ. ಅದು 1974ರಲ್ಲಿ ಅಮೆರಿಕದ ಟಿವಿಯಲ್ಲಿ ಬರುತ್ತಿದ್ದ ‘ಕೋಲ್ಚಾಕ್’ ಎಂಬ ಪತ್ತೇದಾರಿ ಧಾರಾವಾಹಿಯ ಒಂದು ಕಂತಿನದು. ಇದನ್ನು ಕೇಳಿ ಸಿಟ್ಟಾಗುವ ಮೊದಲು ಇನ್ನೊಂದು ಸಂಗತಿ ಗೊತ್ತಿರಲಿ. ಅದೇ ಆಟದ ಹೆಸರಾಂತ ‘ಔಲ್‌ಬೇರ್’, ಅಂದರೆ ಗೂಬೆಮೋರೆಯ ಕರಡಿ, ಹುಟ್ಟಿದ್ದು ಚಿಲ್ಲರೆ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಗೊಂಬೆಯಿಂದ. ಆ ಕಾಲದ ಆಟಗಾರರು ಕೈಗೆ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ಹಾಕಿಕೊಂಡರು. ಗ್ರೀಕರ ಮೆಡೂಸಾ, ಅರಬರ ಜಿನ್, ನಮ್ಮ ನಾಗ ಮತ್ತು ರಾಕ್ಷಸ ಎಲ್ಲರೂ ಒಂದೇ ಬುಟ್ಟಿಯವರು. 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕ ಇಂದ್ರ, ವಿಷ್ಣು, ಯಮರಿಗೂ ಹಿಟ್ ಪಾಯಿಂಟ್ ಅಂಟಿಸಿತು. ಅಂಕಿ ಬಿತ್ತು ಅಂದಮೇಲೆ ಕೊಲ್ಲಬಹುದು ಎಂದಾಯಿತಲ್ಲ. ದುರುದ್ದೇಶ ಇತ್ತು ಎಂದು ನಾನು ಹೇಳಲಾರೆ. ಆ ಆಟ ಯುದ್ಧದ ಆಟಗಳ ಹೊಟ್ಟೆಯಲ್ಲಿ ಹುಟ್ಟಿದ್ದು, ಎದುರಿಗೆ ಬಂದವರನ್ನೆಲ್ಲ ಸೈನಿಕರಂತೆ ಎಣಿಸುವುದು ಅದರ ಜಾಯಮಾನ.

ಈಚೆಗೆ ಗಾಳಿ ಬದಲಾಗಿದೆ. 2022ರಲ್ಲಿ ಆ ಆಟದ ಈಗಿನ ಒಡೆತನದ ಕಂಪನಿ ತಂದ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಾಡೆಲ್’ ಸಂಕಲನದಲ್ಲಿ ಮಿಮಿ ಮಂಡಲ್ ಬಂಗಾಳದ ನದಿನಾಡನ್ನು ಹೋಲುವ ಒಂದು ಸೀಮೆಯನ್ನು ಕಟ್ಟಿಕೊಟ್ಟರು. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪಾಠ ಸ್ವೀಡನ್ನಿನದು. 2020ರಲ್ಲಿ ಫ್ರೀ ಲೀಗ್ ಎಂಬ ಸಂಸ್ಥೆ, ಯೋಹಾನ್ ಎಗರ್‌ಕ್ರಾನ್ಸ್ ಬರೆದು ಚಿತ್ರಿಸಿದ ಅಲ್ಲಿನ ಜನಪದ ಭೂತಗಳ ಪುಸ್ತಕವನ್ನು ಆಧರಿಸಿ, ‘ವೇಸೆನ್’ ಎಂಬ ಆಟ ತಂದಿತು. ಅದರಲ್ಲಿ ಕತ್ತಿ ಹಿಡಿದು ಹೋದರೆ ಭೂತ ಓಡಬಹುದು, ಆದರೆ ತಿರುಗಿ ಬರುತ್ತದೆ. ಅದು ಯಾಕೆ ಕಾಡುತ್ತಿದೆ, ಊರವರು ಏನು ತಪ್ಪು ಮಾಡಿದ್ದಾರೆ, ಯಾವ ವಿಧಿಯಿಂದ ಶಾಂತವಾಗುತ್ತದೆ ಎಂದು ಹುಡುಕುವುದೇ ಆಟ. ನಮ್ಮ ಆಯಿಗೆ ಸ್ವೀಡನ್ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲ, ಆದರೆ ಕೇಳಿದ ಪ್ರಶ್ನೆ ಒಂದೇ.

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯದು ನೋಡಿ. ದೊಡ್ಡಾಟದಲ್ಲಿ ರಾಕ್ಷಸ ಪಾತ್ರಧಾರಿ ಕುಣಿಯುತ್ತ, ಅಬ್ಬರಿಸುತ್ತ ರಂಗಕ್ಕೆ ಬರುತ್ತಾನೆ. ಅವನನ್ನು ಮೊದಲು ಎದುರುಗೊಳ್ಳುವವನು ಕತ್ತಿ ಹಿಡಿದ ವೀರನಲ್ಲ, ಸಾರಥಿ. ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಕ್ಷಸ ತನ್ನ ಬಿರುದು ಬಾವಲಿಗಳ ಸಮೇತ ಜವಾಬು ಕೊಡಲೇಬೇಕು, ಕೊಡದೆ ಕಥೆ ಮುಂದೆ ಸರಿಯುವುದಿಲ್ಲ. ಊರಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದಾಗ ದೆವ್ವ ಬಿಡಿಸುವವನು ಕೇಳುವುದೂ ಅದನ್ನೇ: ಯಾರು ನೀ? ಎಲ್ಲಿಂದ ಬಂದಿ? ಯಾಕ ಹಿಡದಿ? ಏನ್ ಕೊಟ್ಟರ ಬಿಡ್ತಿ? ಉತ್ತರಗಳು ದೊಡ್ಡವೇನಲ್ಲ. ಒಂದು ಹಸಿರು ಸೀರೆ, ಒಂದು ಹೋಳಿಗೆ ಊಟ, ಬಾಳಿ ಬದುಕಬೇಕಾಗಿದ್ದ ಮನೆಯ ಹೊಸ್ತಿಲು. ತೀರದ ಆಸೆಯೇ ನಮ್ಮಲ್ಲಿ ದೆವ್ವವಾಗುತ್ತದೆ. ನೂರಾಹತ್ತು ಹಿಟ್ ಪಾಯಿಂಟ್ ಇಳಿಸಿದರೆ ಆಸೆ ತೀರುವುದೆಲ್ಲಿ?

ಕಲಬುರಗಿ ಜಿಲ್ಲೆಯಲ್ಲೇ ಇದರ ಶಾಸ್ತ್ರೋಕ್ತ ಉದಾಹರಣೆಯಿದೆ. ದೇವಲ ಗಾಣಗಾಪುರದಲ್ಲಿ ನೆಲೆಸಿದ ನೃಸಿಂಹ ಸರಸ್ವತಿಯವರ ಕಥೆಯನ್ನು ‘ಗುರುಚರಿತ್ರೆ’ ಮರಾಠಿಯಲ್ಲಿ ಹೇಳುತ್ತದೆ. ಅವರು ಊರೊಳಗೆ ಬರುವಾಗ ಒಂದು ಅರಳಿಮರದಲ್ಲಿ ಬ್ರಹ್ಮರಾಕ್ಷಸನಿದ್ದ. ಅವನ ಭಯಕ್ಕೆ ಸುತ್ತಲ ಮನೆಗಳು ಪಾಳುಬಿದ್ದಿದ್ದವು. ಇಂಗ್ಲಿಷ್ ಆಟದಲ್ಲಾದರೆ ಇಲ್ಲಿ ದಾಳ ಉರುಳಬೇಕು. ಗುರುಚರಿತ್ರೆಯಲ್ಲಿ ಅವನೇ ಮರದಿಂದಿಳಿದು ಕಾಲಿಗೆ ಬೀಳುತ್ತಾನೆ, ಬಿಡುಗಡೆ ಬೇಡುತ್ತಾನೆ. ಗುರು ತಲೆ ಮೇಲೆ ಕೈಯಿಟ್ಟು, ಭೀಮಾ ಅಮರಜಾ ಸಂಗಮದಲ್ಲಿ ಮಿಂದು ಬಾ ಎಂದು ಕಳಿಸುತ್ತಾರೆ. ಅಷ್ಟೇ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ಇದನ್ನೇ ಇನ್ನಷ್ಟು ಬಿಗಿ ಮಾಡಿತು. ಕೊಲ್ಲಲೆಂದೇ ಸೃಷ್ಟಿಯಾದ ಬ್ರಹ್ಮರಾಕ್ಷಸ ಕೆಲಸ ಮುಗಿದ ಮೇಲೆ ಎಲ್ಲಿಗೂ ಸೇರದೆ ಅಲೆಯುತ್ತಾನೆ. ಕೊನೆಯಲ್ಲಿ ಅರವಸು ಸತ್ತ ಪ್ರೇಯಸಿಯನ್ನು ಬದುಕಿಸಿಕೊಳ್ಳಬೇಕೋ, ಈ ರಾಕ್ಷಸನಿಗೆ ಮುಕ್ತಿ ಕೊಡಿಸಬೇಕೋ ಎಂದು ಆರಿಸಬೇಕಾಗುತ್ತದೆ. ಆಟದ ಮೇಜಿನ ಮೇಲೆ ಇಂಥದೊಂದು ಆಯ್ಕೆ ಬಂದರೆ ಹದಿನಾರು ವರ್ಷದ ಹುಡುಗನೂ ಮೊಬೈಲ್ ಕೆಳಗಿಡುತ್ತಾನೆ.

ಮಳಖೇಡಕ್ಕೆ ಬನ್ನಿ. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಹತ್ತನೆಯ ಶತಮಾನದಲ್ಲಿ ಬದುಕಿದ್ದ ಪುಷ್ಪದಂತ ಕವಿ ಅಪಭ್ರಂಶದಲ್ಲಿ ಯಶೋಧರನ ಕಥೆ ಬರೆದ. ಅದೇ ಕಥೆಯನ್ನು 1209ರಲ್ಲಿ ಜನ್ನ ಕನ್ನಡಕ್ಕೆ ತಂದ. ಚಂಡಮಾರಿ ಎಂಬ ದೇವತೆಗೆ ಮಾರಿದತ್ತ ರಾಜ ಪ್ರಾಣಿಗಳನ್ನು ಜೋಡಿಜೋಡಿಯಾಗಿ ಬಲಿಗೆ ಕೂಡಿಸುತ್ತಾನೆ. ನರಬಲಿಗೆಂದು ಹಿಡಿದು ತಂದ ಎಳೆಯ ಅಣ್ಣತಂಗಿ ಸಾಯುವ ಮುಂಚೆ ತಮ್ಮ ಹಿಂದಿನ ಜನ್ಮಗಳನ್ನು ಹೇಳಿಕೊಳ್ಳುತ್ತಾರೆ. ಕಥೆ ಕೇಳಿ ರಾಜ ಬದಲಾಗುತ್ತಾನೆ, ದೇವತೆಯೂ ಹಿಂಸೆ ಬಿಡುತ್ತಾಳೆ. ಶಸ್ತ್ರವಿಲ್ಲದೆ ಬರೀ ಕಥೆಯಿಂದ ಗೆದ್ದ ಯುದ್ಧ ಇದು. ಇನ್ನೂ ಒಂದು ಚಮತ್ಕಾರ ಇದರೊಳಗಿದೆ. ಹಿಟ್ಟಿನ ಕೋಳಿಯನ್ನು ಕಡಿದ ಪಾಪಕ್ಕೆ ಯಶೋಧರನೂ ಅವನ ತಾಯಿಯೂ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಬರುತ್ತಾರೆ. ಪಾತ್ರಧಾರಿ ಆಟಗಳ ಹಳೆಯ ತಲೆನೋವು ಇದೇ: ಆಟದ ನಡುವೆ ಪಾತ್ರ ಸತ್ತರೆ ಆಡುತ್ತಿದ್ದವನು ಕೈಕಟ್ಟಿ ಕೂರಬೇಕು. ಮಳಖೇಡದ ನಿಯಮ ಹಾಕಿದರೆ ಅವನು ಮುಂದಿನ ಗಳಿಗೆಯಲ್ಲೇ ನವಿಲಾಗಿ ಒಳಗೆ ಬರುತ್ತಾನೆ. ಮಾಡಿದ ಕರ್ಮ ನೆನಪಿರುತ್ತದೆ, ಮಾತು ಮಾತ್ರ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಆಡಿಸಿ ನೋಡಿದೆ. ನಾಯಿಯಾಗಿ ಹುಟ್ಟಿದ ಹುಡುಗನೇ ಆ ಸಂಜೆ ಎಲ್ಲರಿಗಿಂತ ಚೆನ್ನಾಗಿ ಆಡಿದ.

ಹಾಗಾದರೆ ಬ್ರಹ್ಮರಾಕ್ಷಸನನ್ನು ಆಟದ ಪುಟಕ್ಕೆ ಇಳಿಸುವುದು ಹೇಗೆ? ಹಿಟ್ ಪಾಯಿಂಟಿನ ಜಾಗದಲ್ಲಿ ನಾನು ‘ಹಂಗು’ ಎಂಬ ಅಂಕಿ ಇಟ್ಟೆ. ಅವನನ್ನು ಈ ಲೋಕಕ್ಕೆ ಕಟ್ಟಿಹಾಕಿದ ಗಂಟುಗಳ ಲೆಕ್ಕ ಅದು. ಐದು ಹಂಗು ಅಂದರೆ ಐದು ಗಂಟು. ಅವನ ಹೆಸರು ತಿಳಿದರೆ ಒಂದು ಬಿಚ್ಚಿತು, ಕಲಿತ ವಿದ್ಯೆಯನ್ನು ಯಾರಿಗೆ ಹೇಳಿಕೊಡದೆ ಸತ್ತ ಎಂದು ಕಂಡುಹಿಡಿದರೆ ಇನ್ನೊಂದು, ಆ ವಿದ್ಯೆ ಕೇಳುವ ಶಿಷ್ಯನನ್ನು ಮರದ ಬುಡಕ್ಕೆ ಕರೆತಂದರೆ ಮತ್ತೊಂದು. ಕತ್ತಿ ಬೀಸಿದರೆ ಗಂಟು ಬಿಗಿಯುತ್ತದೆ: ಪ್ರತಿ ಏಟಿಗೂ ಒಂದು ಹಂಗು ಹೆಚ್ಚು. ಮೊದಲ ಸಲ ಆಡಿದಾಗ ಹುಡುಗರು ಅಭ್ಯಾಸಬಲದಿಂದ ಕತ್ತಿ ಬೀಸಿ ಐದನ್ನು ಒಂಬತ್ತು ಮಾಡಿಕೊಂಡರು. ಎರಡನೆಯ ಸಲ ಮರದ ಹತ್ತಿರ ಹೋಗುವ ಮೊದಲೇ ಊರಿನ ಮುದುಕರನ್ನು ಹುಡುಕಿಕೊಂಡು ಹೊರಟರು.

ಎಲ್ಲ ಭೂತಕ್ಕೂ ಒಂದೇ ಲೆಕ್ಕ ಹೊಂದುವುದಿಲ್ಲ, ಹೊಂದಬಾರದು. ಬೇತಾಳನ ನಿಯಮ ಬೇರೆಯೇ: ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಬಾಯಿ ತೆರೆದರೆ ಅವನು ಮರಕ್ಕೆ ವಾಪಸು. ಮಾತೇ ಬಂಡವಾಳವಾದ ಆಟದಲ್ಲಿ ಆಟಗಾರರಿಗೆ ಮೌನ ಹೇರುವ ಭೂತಕ್ಕಿಂತ ಕಠಿಣ ಶತ್ರು ಯಾರಿದ್ದಾರೆ? 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ದೆವ್ವ ಇನ್ನೂ ಸರಳ, ಇನ್ನೂ ಜಾಣ. ಅದು ಅಕ್ಷರಸ್ಥ ದೆವ್ವ, ಓದಿದ್ದನ್ನು ನಂಬುವ ದೆವ್ವ. ಹಿಂದಿಯವರು 2018ರಲ್ಲಿ ಇದನ್ನೇ ‘ಸ್ತ್ರೀ’ ಎಂದು ಸಿನಿಮಾ ಮಾಡಿ ದುಡ್ಡು ಮಾಡಿಕೊಂಡರು, ನಾವು ಬಾಗಿಲಿಗೆ ಸುಣ್ಣ ಬಳಿದು ಮರೆತೆವು. ಇನ್ನು ಜೋಕುಮಾರನನ್ನು ಭೂತವೆಂದರೆ ನಮ್ಮ ಕಡೆಯ ಹೆಂಗಸರು ಬೈಯುತ್ತಾರೆ. ಭಾದ್ರಪದದಲ್ಲಿ ಹುಟ್ಟಿ ಏಳೇ ದಿನ ಬದುಕುತ್ತಾನೆ. ಆ ಏಳು ದಿನದಲ್ಲಿ ಮಾಡಬಾರದ್ದು ಮಾಡಿ ಅಗಸರ ಕೈಯಲ್ಲಿ ಸಾಯುತ್ತಾನೆ, ಸತ್ತ ಮೇಲೆ ಮಳೆ ಬರುತ್ತದೆ. ಕೊಂದರೆ ಮಳೆ, ಬಿಟ್ಟರೆ ಹೆಣ್ಣುಮಕ್ಕಳ ಮಾನಕ್ಕೆ ಕುತ್ತು. ಗಡುವು ಇರುವ ಕಥೆ ಹುಡುಕುವ ಆಟಗಾರರಿಗೆ ಇದಕ್ಕಿಂತ ಏನು ಬೇಕು? ಕಂಬಾರರು 1972ರಷ್ಟು ಹಿಂದೆಯೇ ಇದರ ನಾಟಕ ಬರೆದು ದಾರಿ ತೋರಿದ್ದಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ದೆವ್ವವೂ ಅಲ್ಲದ, ರಾಕ್ಷಸನೂ ಅಲ್ಲದ ಒಂದು ಕಾಟ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆ ಅದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೆ ಉಸಿರುಗಟ್ಟಿದ ಕಥೆ ಹಾಡುಗಳು ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಗಂಡಸಿನ ಕೋಟು, ಒಂದು ಜೊತೆ ಬೂಟಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು ನೋಡಿ ಯಾರು ಬಂದಿದ್ದರು ಎಂದು ಕೇಳಿದ. ಅವಳಿಗೇ ಗೊತ್ತಿಲ್ಲ. ಜಗಳ, ಗಂಡ ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳು ರಾತ್ರಿ ಆರಿದ ಮೇಲೆ ಅಲ್ಲಿ ಸೇರಿ ಹರಟೆ ಹೊಡೆಯುವಾಗ ನಿಜಸಂಗತಿ ಅವನ ಕಿವಿಗೆ ಬಿತ್ತು. ಹೇಳದ ಕಥೆಯೇ ಇಲ್ಲಿ ಸೇಡು ತೀರಿಸಿಕೊಳ್ಳುವ ಜೀವಿ. ಪಾಶ್ಚಾತ್ಯ ಮಾನ್‌ಸ್ಟರ್ ಪುಸ್ತಕಗಳ ಯಾವ ವರ್ಗಕ್ಕೂ ಇದು ಸೇರದು. ಇದನ್ನು ಆಡಿಸುವುದು ಹೇಗೆ ಎಂದು ಕೇಳಿದರೆ, ಆಟಗಾರರು ಪರಸ್ಪರ ಮುಚ್ಚಿಟ್ಟ ಗುಟ್ಟುಗಳೇ ಒಂದೊಂದಾಗಿ ವಸ್ತುಗಳಾಗಿ ಬಾಗಿಲಲ್ಲಿ ಬಂದು ಕೂರಲಿ ಅನ್ನುತ್ತೇನೆ.

ಡಂಜನ್ನಿನ ಮಾತಿಗೆ ಬರೋಣ. ಪಶ್ಚಿಮದ ಆಟದಲ್ಲಿ ಸಮಾಧಿ ಎಂದರೆ ಒಳಗೆ ಹೆಣ, ಬಲೆ, ಬಂಗಾರ. ‘ಟೂಂಬ್ ಆಫ್ ಹಾರರ್ಸ್’ ಎಂಬ ಹೆಸರಿನ ಸಾಹಸವೇ 1978ರಲ್ಲಿ ಅಚ್ಚಾಗಿದೆ. ಕಲಬುರಗಿಯಲ್ಲಿ ಗುಮ್ಮಟಗಳಿಗೆ ಬರವಿಲ್ಲ: ಹಫ್ತ್ ಗುಂಬಜ್, ಚೋರ್ ಗುಂಬಜ್, ಕಮಲಾಪುರದ ದಾರಿಯಲ್ಲಿ ಹೊಳಕುಂದದ ಬಹಮನಿ ಗೋರಿಗಳು. ನಕ್ಷೆ ಬರೆಯುವವನ ಕೈ ತುರಿಸುವುದು ಸಹಜ. ಆದರೆ ಇಲ್ಲಿ ಜನ ದೆವ್ವ ಹುಡುಕಿಕೊಂಡು ಗೋರಿಗೆ ಹೋಗುವುದಿಲ್ಲ, ದೆವ್ವ ಬಿಡಿಸಿಕೊಳ್ಳಲು ಹೋಗುತ್ತಾರೆ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಯವರು ಬೇನೆ ಬೇಸರ ಹೊತ್ತುಕೊಂಡು ಬರುತ್ತಾರೆ. ಈ ಊರಿನ ನಕ್ಷೆಯಲ್ಲಿ ಗುಮ್ಮಟ ಅಪಾಯದ ಮನೆಯಾಗಬಾರದು, ಆಸರೆಯ ಮನೆಯಾಗಬೇಕು.

ನಿಧಿಯ ವಿಷಯದಲ್ಲೂ ನನಗೆ ಗಟ್ಟಿ ಅಭಿಪ್ರಾಯವಿದೆ. ನಿಧಿ ಕಾಯುವ ಸರ್ಪ ಜನಪದದಲ್ಲಿ ಇದೆ, ನಿಜ. ಆದರೆ ನಿಧಿಯಾಸೆಗೆ ಹಳೆಯ ಗುಡಿ, ವೀರಗಲ್ಲುಗಳ ಬುಡ ಅಗೆಯುವವರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಭೂಮಿಯಡಿ ಸಿಗುವ ನಿಜವಾದ ನಿಧಿ ಎಂಥದು ಎಂದು ಸನ್ನತಿ ತೋರಿಸಿಕೊಟ್ಟಿದೆ. ಅಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ನೋಡಿದರೆ ದೇವಿಯ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ! ಬಲಿ ಬೇಡುವ ದೇವತೆಯ ಕಾಲಡಿ ಅಹಿಂಸೆ ಸಾರಿದ ಚಕ್ರವರ್ತಿಯ ಅಕ್ಷರಗಳು. ಕಥೆ ಕಟ್ಟುವವನು ಇಷ್ಟು ದೂರ ಯೋಚಿಸಲಾರ. ಅದೇ ಚಂದ್ರಲಾಂಬೆ ಪರಸ್ತ್ರೀಯನ್ನು ಬಯಸಿದ ಸೇತುರಾಜನ ಮೇಲೆ ಭ್ರಮರಗಳನ್ನು ಬಿಟ್ಟಳು ಎಂದು ಸ್ಥಳಪುರಾಣ. ದುಂಬಿಗಳ ಹಿಂಡನ್ನು ಶತ್ರುವಾಗಿ ಬರೆಯುವುದು ಸುಲಭ, ಎಲ್ಲ ಆಟದಲ್ಲೂ ಇದೆ. ಸನ್ನತಿಯ ದುಂಬಿಗಳು ತಪ್ಪು ಮಾಡಿದವನನ್ನೇ ಹುಡುಕಿ ಹೋಗುತ್ತವೆ, ಪಕ್ಕದವನನ್ನು ಮುಟ್ಟುವುದಿಲ್ಲ. ಆಟಗಾರರ ನಡುವೆ ತಪ್ಪು ಮುಚ್ಚಿಟ್ಟವನು ಯಾರು ಎಂದು ದುಂಬಿಗಳು ಹೇಳಿಬಿಟ್ಟರೆ?

ಇನ್ನು ಮುಟ್ಟಬಾರದ್ದು. ಇಲ್ಲಿ ನಾನು ನಗೆಮಾತು ಬಿಡುತ್ತೇನೆ.

ಕಲಬುರಗಿ, ಬೀದರ ಕಡೆಯವರಿಗೆ ಭಾನಾಮತಿ ಎಂಬ ಮಾತಿನ ಅರ್ಥ ಹೇಳಬೇಕಾಗಿಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದು, ಹೆಂಗಸರು ನಾಯಿಯಂತೆ ಬೊಗಳುವುದು, ಇದನ್ನೆಲ್ಲ ಯಾರೋ ಮಾಡಿಸಿದ್ದಾರೆ ಎಂಬ ಗುಮಾನಿ. ಹೊಸ ವಿಷಯ ಹುಡುಕುವ ಆಟಗಾರನಿಗೆ ಇದು ಮಾಟಗಾತಿಯ ಅಧ್ಯಾಯವಾಗಿ ಕಾಣುತ್ತದೆ. ಆದರೆ ಆ ಗುಮಾನಿ ಕೊನೆಗೆ ಹೋಗಿ ಕೂರುವುದು ಯಾವುದೋ ಒಂಟಿ ವಿಧವೆಯ ಮೇಲೆ, ಊರಾಚೆಯ ಕೇರಿಯ ಬಡವನ ಮೇಲೆ. ಮಂತ್ರ ಹೇಳದಂತೆ ಹಲ್ಲು ಕಿತ್ತ ಕ್ರೌರ್ಯ ಹಳೆಯ ನಿಜಾಮ ಸೀಮೆಯಲ್ಲಿ ನಡೆದಿದೆ. ಕರ್ನಾಟಕದ ಮೌಢ್ಯಾಚರಣೆ ತಡೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ, ನಿಧಿಗಾಗಿ ಮಾಡುವ ಅಮಾನುಷ ಕೃತ್ಯಗಳನ್ನೂ ಅದು ಅಪರಾಧ ಎನ್ನುತ್ತದೆ. ಭಾನಾಮತಿ ಮಾಡುವವಳು ಎಂಬ ಶತ್ರುವನ್ನು ಆಟದಲ್ಲಿ ಇಟ್ಟು ಅವಳಿಗೆ ಹಿಟ್ ಪಾಯಿಂಟ್ ಕೊಡುವುದು ಆ ಗುಮಾನಿಯ ಗುಂಪಿಗೆ ಇನ್ನೊಂದು ಕಲ್ಲು ಎತ್ತಿಕೊಟ್ಟಂತೆ. ಆಡಿಸಲೇಬೇಕು ಎನ್ನುವವರು ತಿರುಗಿಸಿ ಆಡಿಸಲಿ: ಆಪಾದನೆ ಹೊತ್ತವಳನ್ನು ಬೆಳಗಾಗುವವರೆಗೆ ಊರಿನಿಂದ ಕಾಪಾಡುವುದು ಆಟ, ಶತ್ರು ಊರಿನ ಗುಮಾನಿ. ಗಾಣಗಾಪುರದಲ್ಲಿ ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಕಂಬ ಹತ್ತಿ ಚೀರುವವರ ಬಗ್ಗೆಯೂ ಇದೇ ಮಾತು. ಅವರು ಯಾರದೋ ಮಗಳು, ಯಾರದೋ ಸೊಸೆ. ಅವರ ಚೀರಾಟ ನಮ್ಮ ಆಟದ ಹಿನ್ನೆಲೆ ಸಂಗೀತವಲ್ಲ.

ಕರಾವಳಿಯ ಪಂಜುರ್ಲಿ, ಗುಳಿಗರ ವಿಷಯ ಬೇರೆ. 2022ರ ‘ಕಾಂತಾರ’ದ ನಂತರ ಸಿಕ್ಕಸಿಕ್ಕಲ್ಲಿ ದೈವದ ವೇಷ ಹಾಕುವುದು ಶುರುವಾದಾಗ ತುಳುನಾಡಿನವರು ನೊಂದು ಆಕ್ಷೇಪಿಸಿದರು. ದೈವ ಭೂತಪುಸ್ತಕದ ಪ್ರಾಣಿಯಲ್ಲ, ಮನೆತನದ ನ್ಯಾಯಾಧೀಶ. ನಮ್ಮ ಸೀಮೆಯ ದೇವಿ ಮರಗಮ್ಮನೂ ಹಾಗೆಯೇ. ದೇವರಿಗೂ ದೆವ್ವಕ್ಕೂ ನಡುವಿನ ಗೆರೆ ಊರಿಂದೂರಿಗೆ ಸರಿಯುತ್ತದೆ, ಅದನ್ನು ಎಳೆಯುವ ಹಕ್ಕು ಆ ಊರಿನವರದು. ಮೈಲಾರಲಿಂಗನ ಕಥೆಯಲ್ಲಿ ಸೋತ ಮಣಿಕಾಸುರನೂ ಪೂಜೆಗೆ ಪಾಲುದಾರನಾಗುತ್ತಾನಲ್ಲ.

ಇದಕ್ಕೆ ಎದುರು ತುದಿಯ ಅಪಾಯವೂ ಒಂದಿದೆ: ಇಲ್ಲದ ಜನಪದ ಹುಟ್ಟಿಸುವುದು. ಕಮಲಾಪುರ ಅಂದರೆ ಕೆಂಪು ಬಾಳೆ. ಆ ತೋಟಗಳಲ್ಲಿ ಸಂಜೆ ನಡೆದರೆ ಎಲೆಗಳ ಸಪ್ಪಳಕ್ಕೆ ಕಥೆ ತಾನಾಗಿ ಹುಟ್ಟುತ್ತದೆ. ಥಾಯ್ಲೆಂಡಿನಲ್ಲಿ ಬಾಳೆಗಿಡದಲ್ಲಿ ನಾಂಗ್ ತಾನಿ ಎಂಬ ಹೆಣ್ಣುದೆವ್ವ ಇರುತ್ತಾಳೆ. ತಂಗಿಯ ಮಗ ಅವಳನ್ನು ಕೆಂಪು ಸೀರೆಯುಡಿಸಿ ಕಮಲಾಪುರಕ್ಕೆ ಕರೆತಂದ. ಆಟ ಸೊಗಸಾಗಿಯೇ ನಡೆಯಿತು. ಆದರೆ ಅವನು ಹಾಳೆಯ ತಲೆಯ ಮೇಲೆ ‘ಕಮಲಾಪುರದ ಪುರಾತನ ಐತಿಹ್ಯ’ ಎಂದು ಬರೆದದ್ದನ್ನು ಆಯಿ ಓದಿಸಿ ಕೇಳಿ, “ನಾ ಹುಟ್ಟಿದೂರಾಗ ನನಗ ಗೊತ್ತಿಲ್ಲದ ದೆವ್ವ ಯಾವಾಗ ಬಂತೋ?” ಅಂದಳು. ಕಲ್ಪಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಕಲ್ಪಿಸಿದ್ದು ಎಂದು ಬರೆಯಿರಿ. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಯಾರೋ ಅದರ ಮೇಲೆ ಪಿಎಚ್‌ಡಿ ಮಾಡುತ್ತಾರೆ.

ಕನ್ನಡದಲ್ಲಿ ಆಡಲು ಕಾನೂನಿನ ತೊಡಕು ಈಗ ದೊಡ್ಡದಲ್ಲ. 2023ರ ಜನವರಿಯಲ್ಲಿ ಆಟಗಾರರ ಪ್ರತಿಭಟನೆಗೆ ಮಣಿದ ಕಂಪನಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅನುವಾದಿಸಬಹುದು, ತಿದ್ದಬಹುದು, ಮಾರಬಹುದು. ಆ ದಾಖಲೆಯೊಳಗೆ ರಾಕ್ಷಸನೂ ಇದ್ದಾನೆ. ನಮ್ಮವನೇ ಪರವಾನಗಿ ಪತ್ರ ಹಿಡಿದು ಊರಿಗೆ ವಾಪಸು ಬಂದ.

ಇಪ್ಪತ್ತು ಮುಖದ ದಾಳ ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಹುಡುಕುವ ಬದಲು ಚೌಕಾಬಾರದ ಕವಡೆ ತೆಗೆಯಿರಿ. ನಾಲ್ಕು ಕವಡೆ ಎಸೆದಾಗ ನಾಲ್ಕೂ ಅಂಗಾತ ಬೀಳುವುದು, ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಹದಿನಾರರಲ್ಲಿ ಒಂದು ಸಲ: ಶೇ. 6.25. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬೀಳುವುದು ಶೇ. 5. ಹೆಚ್ಚು ಕಡಿಮೆ ಒಂದೇ ಅದೃಷ್ಟ. ವ್ಯತ್ಯಾಸ ನಡುವೆ ಇದೆ. ದಾಳದಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಲ್ಲಕ್ಕೂ ಸಮಪಾಲು, ಕವಡೆಯಲ್ಲಿ ಎರಡು ಬೀಳುವುದೇ ಹೆಚ್ಚು, ಹದಿನಾರರಲ್ಲಿ ಆರು ಸಲ. ಹಾಗಾಗಿ ಕವಡೆಯ ಆಟದಲ್ಲಿ ಅಲ್ಲಿಗಲ್ಲಿಗೆ ಆಗುವುದು ಜಾಸ್ತಿ, ಅದ್ಭುತ ಅಪರೂಪ. ಮಾತಿನಿಂದ ಮುಂದುವರಿಯುವ ಕಥೆಗೆ ಇದು ಒಳ್ಳೆಯದೇ. ಕೈಯೊಳಗೆ ಕುಲುಕುವ ಸದ್ದಂತೂ ಪ್ಲಾಸ್ಟಿಕ್ಕಿಗೆ ಬರುವುದಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ‘ಅಂಧಕಾರದ ಅಧಿಪತಿಯೇ, ನಿನ್ನ ಅಂತ್ಯ ಸಮೀಪಿಸಿದೆ’ ಎಂದು ನಮ್ಮ ಹುಡುಗರು ಡಬ್ಬಿಂಗ್ ಸಿನಿಮಾದ ಕನ್ನಡದಲ್ಲಿ ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಸುಸ್ತಾಗಿ ಮನೆಮಾತಿಗೆ ಇಳಿಯುತ್ತಾರೆ. ಇಳಿದ ಮೇಲೆಯೇ ಭಯ ಶುರುವಾಗುವುದು. “ಹೊಳ್ಳಿ ನೋಡಬ್ಯಾಡ, ಹಿಂದ ಯಾರೋ ಬರ್ಲಿಕತ್ಯಾರ” ಅಂದಾಗ ಕೂಲರ್ ಸದ್ದಿನ ನಡುವೆಯೂ ಎಲ್ಲರೂ ಹೊಳ್ಳಿ ನೋಡಿದರು.

ಕೊರತೆ ಇರುವುದು ಸಾಮಗ್ರಿಯಲ್ಲಿ. ಹಂತಿಪದ, ಬೀಸುಕಲ್ಲಿನ ಪದ, ಗೀಗೀಪದಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಕೂಡಿಹಾಕಿದ್ದಾರೆ, ಜಾನಪದಕ್ಕೆಂದೇ ಗೊಟಗೋಡಿಯಲ್ಲಿ 2011ರಿಂದ ವಿಶ್ವವಿದ್ಯಾಲಯವಿದೆ. ಆದರೆ ಹಾಡಿಗೆ ಸಿಕ್ಕ ಗೌರವ ದೆವ್ವದ ಕಥೆಗೆ ಸಿಕ್ಕಿಲ್ಲ ಎಂಬುದು ನನ್ನ ದೂರು. ಅದನ್ನು ಹೇಳಬಲ್ಲವರು ಕಮಲಾಪುರ, ಮಹಾಗಾಂವ, ಹೊಳಕುಂದದ ಕಟ್ಟೆಗಳ ಮೇಲೆ ಇನ್ನೂ ಕೂತಿದ್ದಾರೆ. ನೀವು ಆ ಕಡೆಯವರಾದರೆ ಈ ದೀಪಾವಳಿಗೆ ಊರಿಗೆ ಹೋದಾಗ ಒಂದು ನೋಟುಪುಸ್ತಕ ಒಯ್ಯಿರಿ. ಯಾವ ಮರ, ಯಾವ ಬಾವಿ, ಅದರೊಳಗೆ ಇರುವವರು ಯಾರು, ಏನು ಕೇಳುತ್ತಾರೆ, ಏನು ಕೊಟ್ಟರೆ ಬಿಡುತ್ತಾರೆ: ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ಬದುಕಿರುವ ಯಾರ ಹೆಸರನ್ನೂ ಬರೆಯಬೇಡಿ.